ಬುಡು ಅನ್ನುವ ಮೊದಲು

ಸಾವಿರದ ಒಂಬೈನೂರ ತೊಂಬತ್ನಾಲ್ಕರಲ್ಲಿ ನನ್ನ ಓದು ನಿಂತಿತು. ಎಂಟನೇ ಕ್ಲಾಸು, ಅದೂ ಅರ್ಧ. ನಾನಾಗಿಯೇ ಬಿಟ್ಟೆ ಅಂತ ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಸಿಕ್ಕಿಬಿದ್ದೆ.

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಒಂದು ಅಭ್ಯಾಸ. ಯಾವನಾದರೂ ಹುಡುಗ ಕೈತಪ್ಪುತ್ತಿದ್ದಾನೆ ಅನ್ನಿಸಿದರೆ ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಅವನ ಅಪ್ಪನಿಗೆ ಒಂದು ಅಂಚೆ ಕಾರ್ಡು ಬರೆದು ಹಾಕುತ್ತಿದ್ದರು. ವಿಷಯ ಕೈಮೀರುವ ಮುಂಚೆ ಮನೆಯವರಿಗೆ ತಿಳಿಯಲಿ ಅಂತ. ನಮ್ಮ ಮನೆಗೂ ಬಂದವು, ಒಂದಲ್ಲ, ಮೂರು. ಆದರೆ ನಮ್ಮ ಮನೆಯಲ್ಲಿ ಅಕ್ಷರ ಬರುತ್ತಿದ್ದವನು ನಾನೊಬ್ಬನೇ. ಪೋಸ್ಟ್‌ಮ್ಯಾನ್ ಕಾರ್ಡನ್ನು ಅಪ್ಪನ ಕೈಗೆ ಕೊಟ್ಟರೆ ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, “ಏನ್ ಬರ್ದವ್ರೆ ಓದ್ಲಾ” ಅನ್ನುತ್ತಿದ್ದ.

ಮೊದಲನೇ ಕಾರ್ಡಿನಲ್ಲಿ, ನಿಮ್ಮ ಮಗ ವಾರಕ್ಕೆ ಮೂರು ದಿನ ಮಾತ್ರ ಶಾಲೆಗೆ ಬರುತ್ತಿದ್ದಾನೆ ಅಂತ ಇತ್ತು. ನಾನು ಓದಿದೆ: ನಿಮ್ಮ ಮಗ ತುಂಬ ಶ್ರಮಪಟ್ಟು ಓದುತ್ತಿದ್ದಾನೆ, ಊಟಕ್ಕೆ ಸ್ವಲ್ಪ ತುಪ್ಪ ಹಾಕಿ. ಅಮ್ಮ ಪಾಪ, ಅವತ್ತು ರಾತ್ರಿಯಿಂದಲೇ ಮುದ್ದೆಗೆ ತುಪ್ಪ ಹಾಕಲು ಶುರು ಮಾಡಿದಳು. ಎರಡನೇ ಕಾರ್ಡು ಪರೀಕ್ಷೆಯ ವಿಷಯ. ಅದನ್ನು ಹೇಗೆ ಓದಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮೂರನೆಯದರಲ್ಲಿ, ತಾವು ಕೂಡಲೇ ಬಂದು ನನ್ನನ್ನು ಕಾಣಬೇಕು ಅಂತ ಬರೆದು ಕೆಳಗೆ ಗೆರೆ ಎಳೆದಿದ್ದರು. ನಾನು ಆ ಗೆರೆಯನ್ನೂ ಬಿಡದೆ ಒತ್ತಿ ಓದಿದೆ: ತಾವು ಬರುವ ಅಗತ್ಯವೇನೂ ಇಲ್ಲ. ಅಪ್ಪ ಮೂರನ್ನೂ ಗೋಡೆಯ ತಂತಿಗೆ ಚುಚ್ಚಿಟ್ಟ. ಬಂದ ನೆಂಟರಿಗೆ ತೋರಿಸುತ್ತಿದ್ದ.

ಹೀಗೇ ನಡೆಯುತ್ತಿತ್ತೋ ಏನೋ. ತಿಪಟೂರಿನ ಸಂತೆಯಲ್ಲಿ ಅಪ್ಪನಿಗೆ ಮೇಷ್ಟ್ರು ಎದುರಾದರು. ಅಪ್ಪ ಕೈಮುಗಿದು, “ನಿಮ್ಮ ಕಾರ್ಡೆಲ್ಲ ಜೋಪಾನವಾಗಿ ಮಡಗಿದೀನಿ ಸಾ” ಅಂದನಂತೆ.

“ಮತ್ತೆ ಯಾಕಪ್ಪಾ ಬರಲಿಲ್ಲ?”

“ಬರೋದು ಬ್ಯಾಡ ಅಂತ ಗೆರೆ ಎಳ್ದು ಬರ್ದಿದ್ರಲ್ಲ ಸಾ.”

ಸಂಜೆ ಅಪ್ಪ ಮನೆಗೆ ಬಂದ. ಹೊಡೆಯುತ್ತಾನೆ ಅಂತ ನಾನು ಹಿತ್ತಲ ಬಾಗಿಲ ಹತ್ತಿರವೇ ನಿಂತಿದ್ದೆ. ಹೊಡೆಯಲಿಲ್ಲ. ಕೈಕಾಲು ತೊಳೆದುಕೊಂಡು, ಟವಲಿನಲ್ಲಿ ಮುಖ ಒರೆಸಿಕೊಂಡು ಹೇಳಿದ: “ನೀನು ಓದಿದ್ದು ಸಾಕು ಕಣ್ಲಾ. ಬರ್ದಿರೋದನ್ನ ಓದೋರು ಊರ್ ತುಂಬ ಅವ್ರೆ. ನೀನು ಬರೀದೇ ಇರೋದನ್ನೂ ಓದ್ಬುಟ್ಟೆ. ನಾಳೆಯಿಂದ ನಿಮ್ಮ ಮಾವನ ಜೊತೆ ಮರಕ್ಕೆ ಹೋಗು.”

ಮಾವ ಅಂದರೆ ಅಮ್ಮನ ಅಣ್ಣ. ಕಾಯಿ ಕೀಳುವ ಗುಂಪಿನ ಯಜಮಾನ. ಮರ ಹತ್ತಲು ನಾಲ್ಕು ಜನ ಗಂಡಸರು, ಕೆಳಗೆ ಕಾಯಿ ಆರಿಸಿ ಗುಡ್ಡೆ ಹಾಕಲು ಐದಾರು ಹೆಂಗಸರು. ತುರುವೇಕೆರೆ ಕಡೆಯಿಂದ ಚಿಕ್ಕನಾಯಕನಹಳ್ಳಿ ಕಡೆಯವರೆಗೆ ಯಾವ ತೋಟ ಯಾವಾಗ ಕೀಳಬೇಕು ಅನ್ನುವುದು ಅವನ ಬೆರಳ ತುದಿಯಲ್ಲಿತ್ತು. ಹೋದ ದಿನವೇ ಮರ ಹತ್ತುತ್ತೇನೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹತ್ತೋದು ಕೋತೀಗೂ ಬತ್ತದೆ. ಮೊದ್ಲು ಕೆಳಗೆ ನಿಂತ್ಕಳೋದು ಕಲಿ” ಅಂದ. ಆರು ತಿಂಗಳು ಮರ ಮುಟ್ಟಿಸಲಿಲ್ಲ.

ಕೆಳಗೆ ನಿಲ್ಲುವುದೂ ಒಂದು ಕೆಲಸವೇ ಅಂತ ನೀವು ನಗಬಹುದು. ನಾನೂ ನಕ್ಕಿದ್ದೆ. ನಮ್ಮ ಗುಂಪಿನ ಪದ್ಧತಿ ಹೀಗೆ. ಮೇಲೆ ಹತ್ತಿದವನು ಒಣಗಿದ ಗರಿ ಸವರಿ, ಗೊನೆಯ ತೊಟ್ಟಿಗೆ ಮಚ್ಚು ಇಟ್ಟು, “ಬುಡ್ಲಾ?” ಅಂತ ಕೂಗಬೇಕು. ಕೆಳಗೆ ನಿಂತವರಲ್ಲಿ ಒಬ್ಬನೇ ಒಬ್ಬ, ಅದಕ್ಕೆ ಅಂತಲೇ ಗೊತ್ತುಮಾಡಿದವನು, “ಬುಡು” ಅನ್ನಬೇಕು. ಎಲ್ಲರೂ ಅನ್ನುವ ಹಾಗಿಲ್ಲ. ಅವನು ಆ ಮಾತು ಅನ್ನುವ ಮೊದಲು ತನ್ನ ಕಾಲು ಎಲ್ಲಿದೆ ನೋಡಿಕೊಳ್ಳಬೇಕು, ಹೆಂಗಸರು ಎಲ್ಲಿದ್ದಾರೆ ನೋಡಬೇಕು, ದನ, ಕೋಳಿ, ತೋಟದ ಯಜಮಾನ ಇವರೆಲ್ಲ ಎಲ್ಲಿದ್ದಾರೆ ನೋಡಬೇಕು. ಉತ್ತರ ಬರುವವರೆಗೆ ಮೇಲಿನವನು ಗೊನೆ ಬಿಡುವಂತಿಲ್ಲ, ಕೈ ಸೋತು ಬಿದ್ದರೂ ಸರಿ.

ಒಮ್ಮೆ ನಾನು ಯಾರಿಗೂ ಹೇಳದೆ ಪಂಪ್‌ಸೆಟ್ ಹತ್ತಿರ ನೀರು ಕುಡಿಯಲು ಹೋಗಿಬಿಟ್ಟೆ. ವಾಪಸ್ಸು ಬಂದರೆ ಮಾವ ಮರದ ತಲೆಯಲ್ಲಿ ಗರಿಗೆ ಒರಗಿ ಕೂತಿದ್ದಾನೆ. “ಬುಡ್ಲಾ ಅಂದು ಒಂದು ಬೀಡಿ ಸೇದಿ ಮುಗಿಸ್ದೆ ಕಣ್ಲಾ. ಇನ್ನೊಂದು ಹಚ್ಚಲೋ, ಉತ್ತರ ಕೊಡ್ತೀಯೋ?” ಇಳಿದು ಬಂದ ಮೇಲೆ ಇನ್ನೊಂದು ಮಾತು ಹೇಳಿದ: “ಕೂಗೋದು ಅರ್ಧ ಕೆಲಸ. ಮಿಕ್ಕಿದ್ದು ನಿಂದು.”

ಎಲ್ಲಕ್ಕಿಂತ ಕಷ್ಟ ತೋಟದ ಯಜಮಾನರದು. ಸರಿಯಾಗಿ ಮರದ ಬುಡದಲ್ಲೇ ನಿಂತು, ಕತ್ತು ಮೇಲೆ ಎತ್ತಿ, “ಆ ಗೊನೆ ಇನ್ನೂ ಎಳೇದು, ಈ ಕಡೇದು ಇಳ್ಸು” ಅಂತ ಬೆರಳು ತೋರಿಸುತ್ತಿರುತ್ತಾರೆ. ಕಂದಿಕೆರೆಯ ಒಬ್ಬ ಯಜಮಾನರು, “ನಾನೇ ಇಟ್ಟ ಮರ ಕಣಪ್ಪ, ನನ್ನ ತಲೆ ಮ್ಯಾಲೆ ಯಾಕೆ ಬೀಳ್ತದೆ?” ಅಂದರು. ಮಾವ ಮೇಲಿಂದಲೇ, “ಕಾಯಿಗೆ ಪಹಣಿ ಓದಾಕೆ ಬರಲ್ಲ ಯಜಮಾನ್ರೇ, ಆಚೆ ಬನ್ನಿ” ಅಂದ.

ಆ ಆರು ತಿಂಗಳು ನನಗೆ ಒಂದು ಚಟ ಹತ್ತಿಸಿತು. ಏನಾದರೂ ಬೀಳುವ ಮುಂಚೆ ಅದು ಕೂಗುತ್ತದೆ, ಕೇಳಿಸಿಕೊಳ್ಳಬೇಕು ಅಷ್ಟೆ ಅನ್ನುವ ಚಟ. ಆಮೇಲೆ ನೋಡಿದರೆ ನಮ್ಮ ಸೀಮೆಯ ಬದುಕೆಲ್ಲ ಇಂಥ ಕೂಗಿನ ಮೇಲೇ ನಡೆಯುತ್ತಿದೆ. ಬೇರೆಯವರ ಹಿತ್ತಲಿಗೆ ಕಾಲಿಡುವ ಮೊದಲು ನಾವು ಕೆಮ್ಮುತ್ತೇವೆ, ಕೆಮ್ಮಿಲ್ಲದಿದ್ದರೂ. ಅಟ್ಟಕ್ಕೆ ಹಾಕಿದ ಕಾಯಿಯಲ್ಲಿ ಒಂದು ಕೆಟ್ಟರೆ ಮೂಗಿಗೆ ಮೊದಲು ತಿಳಿಯುತ್ತದೆ. ಆ ಒಂದನ್ನು ಹುಡುಕಿ ತೆಗೆದರೆ ಸುತ್ತಲಿನವು ಉಳಿಯುತ್ತವೆ, ಸೋಮಾರಿತನ ಮಾಡಿದರೆ ಬುಟ್ಟಿ ಬುಟ್ಟಿ ಎಸೆಯಬೇಕು. ಬೋರನಕಣಿವೆ ಅಣೆಕಟ್ಟಿನ ನೀರು ಕಾಲುವೆಗೆ ಬರುತ್ತದೆ ಅಂತ ಊರಲ್ಲಿ ಮುಂಚೆಯೇ ಸುದ್ದಿಯಾಗುತ್ತದೆ. ಆದರೂ ಒಬ್ಬ ಪುಣ್ಯಾತ್ಮ ಮೋಟಾರು ಕಾಲುವೆಯಲ್ಲೇ ಬಿಟ್ಟಿರುತ್ತಾನೆ, ಆಮೇಲೆ ಯಾರೂ ಹೇಳಲಿಲ್ಲ ಅಂತ ಊರನ್ನೇ ಬಯ್ಯುತ್ತಾನೆ.

ನನ್ನ ಹೆಂಡತಿಯದೂ ಒಂದು ಕ್ರಮವಿದೆ. ಕೋಪ ಬಂದರೆ ಮಾತಾಡುವುದಿಲ್ಲ. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಮೊದಲು ಲೋಟ, ಆಮೇಲೆ ತಟ್ಟೆ, ಕೊನೆಗೆ ದೊಡ್ಡ ಪಾತ್ರೆ. ಲೋಟದ ಸದ್ದು ಕೇಳಿಸಿದಾಗಲೇ ಎದ್ದು ಹೋಗಿ ಏನು ತಪ್ಪಾಯಿತು ಅಂತ ಕೇಳಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ತಟ್ಟೆಗೆ ಬಂದರೆ ಒಂದು ದಿನ. ದೊಡ್ಡ ಪಾತ್ರೆಗೆ ಬರುವಷ್ಟರಲ್ಲಿ ನಾನು ತೋಟ ಸೇರಿರಬೇಕು. ಮದುವೆಯಾಗಿ ಬಹಳ ವರ್ಷ ನಾನು ಲೋಟದ ಸದ್ದಿಗೇ ಎದ್ದವನು.

ಇನ್ನು ನನ್ನ ಹೆಚ್ಚುಗಾರಿಕೆಯ ವಿಷಯ. ಹೇಳಿಕೊಳ್ಳಬಾರದು ಅಂತಾರೆ, ಆದರೆ ದುಡಿದು ಗಳಿಸಿದ್ದನ್ನು ಯಾಕೆ ಮುಚ್ಚಿಡಬೇಕು? ತೆಂಗಿಗೆ ಕೆಂಪು ಮೂತಿ ಹುಳು ಅಂತ ಒಂದು ಬರುತ್ತದೆ. ಎಂಟು ಹತ್ತು ವರ್ಷದ ಮರ ಅಂದರೆ ಅದಕ್ಕೆ ಬಲು ಇಷ್ಟ. ಮರಿಹುಳು ಕಾಂಡದ ಒಳಗೇ ಇದ್ದು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಮರ ಮದುಮಗನ ಹಾಗೆ ನಿಂತಿರುತ್ತದೆ. ಒಂದು ದಿನ ಸುಳಿ ಬಾಗುತ್ತದೆ. ಸುಳಿ ಅಂದರೆ ಮರದ ನೆತ್ತಿಯ ಎಳೆಯ ಗರಿ. ಅದು ಬಾಗಿತು ಅಂದರೆ ಮುಗಿಯಿತು, ಔಷಧಿ ಅಂಗಡಿಯವನೂ ಕೈ ಆಡಿಸುತ್ತಾನೆ. ಆದರೆ ಅದಕ್ಕೆ ತಿಂಗಳುಗಳ ಮುಂಚೆಯೇ, ಮರಕ್ಕೆ ಕಿವಿ ಒತ್ತಿ ಉಸಿರು ಹಿಡಿದು ನಿಂತರೆ ಒಳಗೆ ಹುಳು ತಿನ್ನುವುದು ಕೇಳಿಸುತ್ತದೆ. ಪಕ್ಕದ ಮನೆಯಲ್ಲಿ ಯಾರೋ ಚಕ್ಕುಲಿ ತಿನ್ನುತ್ತಿರುವ ಹಾಗೆ, ಕರ ಕರ, ನಿಲ್ಲಿಸಿ, ಮತ್ತೆ ಕರ ಕರ. ಆಗ ತೂತು ಹುಡುಕಿ ಔಷಧಿ ಬಿಟ್ಟು ಮುಚ್ಚಿದರೆ ಮರ ಉಳಿಯುತ್ತದೆ.

ಈ ಸದ್ದು ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಗುತ್ತಿತ್ತು. ಮಾವ ತೀರಿಕೊಂಡ ಮೇಲೆ ಗುಂಪು ನನ್ನ ಕೈಗೆ ಬಂತು. ಕಾಯಿ ಕೀಳುವುದರ ಜೊತೆಗೆ ಮರ ಕೇಳುವುದೂ ನನ್ನ ಕಸುಬಾಯಿತು. ಅಮ್ಮಸಂದ್ರದ ಕಡೆಯಿಂದ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಓದಿದ ಆಫೀಸರುಗಳು ನನ್ನ ಹಿಂದೆ ಕೈಕಟ್ಟಿ ನಿಂತು, “ಏನಾದ್ರೂ ಕೇಳಿಸ್ತಾ?” ಅಂತ ಪಿಸುಗುಟ್ಟುತ್ತಿದ್ದರು. ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವನಿಗೆ ಇನ್ನೇನು ಬೇಕು ಹೇಳಿ. ಜೊತೆಗೆ ಒಣಗಿದ ಮರ ಉರುಳಿಸಲು ಮರ ಕೊಯ್ಯುವ ಮೆಷಿನ್ನೂ ತಗೊಂಡೆ. ಒಂಬತ್ತು ವರ್ಷ ಅದನ್ನು ದಿನವೂ ಅನ್ನುವ ಹಾಗೆ ಓಡಿಸಿದೆ. ಅದರ ಸದ್ದಿಗೆ ಪಕ್ಕದ ತೋಟದ ಹಸು ಹಗ್ಗ ಕಿತ್ತುಕೊಳ್ಳುತ್ತಿತ್ತು. ನಾನು ಕಿವಿಗೆ ಹತ್ತಿಯನ್ನೂ ಇಡಲಿಲ್ಲ.

ಮೊದಲನೇ ಕಾರ್ಡು ಬಂದದ್ದು ಟೀವಿಯಿಂದ. “ಇಷ್ಟು ಜೋರು ಯಾಕೆ ಇಡ್ತೀರಿ? ಬೀದಿಯೋರೂ ನ್ಯೂಸ್ ಕೇಳ್ಬೇಕಾ?” ಅಂದಳು ಹೆಂಡತಿ. ಟೀವಿ ಹಳೆಯದಾಯಿತು ಅಂದೆ. ಎರಡನೆಯದು ಫೋನು. ಎಡಗಿವಿಗೆ ಇಟ್ಟರೆ ಮಾತಾಡುವವರು ಬಾವಿಯೊಳಗಿಂದ ಮಾತಾಡಿದ ಹಾಗೆ. ನಮ್ಮ ಕಡೆ ಸಿಗ್ನಲ್ ಸರಿಯಿಲ್ಲ ಅಂದೆ. ಯಾವಾಗಲೋ ಫೋನನ್ನು ಬಲಗಿವಿಗೆ ಬದಲಾಯಿಸಿಕೊಂಡಿದ್ದೆ, ಅದು ನನಗೇ ಗೊತ್ತಾಗಲಿಲ್ಲ. ಇನ್ನೊಂದು, ಲೋಟದ ಸದ್ದು. ಯಾವ ಮುನ್ಸೂಚನೆಯೂ ಇಲ್ಲದೆ ಹೆಂಡತಿ ಸೀದಾ ದೊಡ್ಡ ಪಾತ್ರೆಗೇ ಬರತೊಡಗಿದಳು. ವಯಸ್ಸಾಗುತ್ತಾ ಇವಳ ಕೋಪ ಹೆಚ್ಚಾಯಿತು ಅಂದುಕೊಂಡೆ. ಅವಳು ಎಂದಿನಂತೆ ಲೋಟದಿಂದಲೇ ಶುರು ಮಾಡುತ್ತಿದ್ದಳು.

ನನ್ನ ಗುಂಪಿನಲ್ಲಿ ಈಗ ಮುಖ್ಯವಾಗಿ ಮರ ಹತ್ತುವವನು ಹೆಂಡತಿಯ ತಮ್ಮ. ಬಾಮೈದ ಅಂದ ಮೇಲೆ ನಾಲಿಗೆಗೆ ಮೂಳೆ ಇರುತ್ತದೆಯೇ? “ಬಾವ, ನಿಂಗೆ ಊಟಕ್ಕೆ ಕರೆದ್ರೆ ಮಾತ್ರ ಪಕ್ಕದೂರಿಂದಾನೂ ಕೇಳಿಸ್ತದೆ, ಕೆಲಸಕ್ಕೆ ಕರೆದ್ರೆ ಇಲ್ಲ” ಅನ್ನುತ್ತಿದ್ದ. ನಾನು, “ನಿನ್ನ ಗಂಟಲು ನಿಮ್ಮಪ್ಪನ ಥರ, ಒಳಗೇ ಉಳ್ಕಂತದೆ” ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಆದರೆ ಮರದ ಬುಡದಲ್ಲಿ “ಬುಡು” ಅನ್ನುವವನು ನಾನೇ. ಯಜಮಾನನೇ ಆ ಜಾಗದಲ್ಲಿ ನಿಲ್ಲಬೇಕು ಅಂತ ನಾನೇ ಮಾಡಿಕೊಂಡ ನಿಯಮ. ಮೂವತ್ತು ವರ್ಷದ ಅಭ್ಯಾಸ ನೋಡಿ, ಅದು ಕಿವಿ ಇಲ್ಲದೆಯೂ ನಡೆಯುತ್ತದೆ. ಮೇಲಿನವನು ಎಷ್ಟು ಹೊತ್ತಿಗೆ ಗರಿ ಸವರುತ್ತಾನೆ, ಎಷ್ಟು ಹೊತ್ತಿಗೆ ಮಚ್ಚು ಇಡುತ್ತಾನೆ ಎಲ್ಲವೂ ಮೈಗೆ ಗೊತ್ತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು ಅಂದರೆ ಅವನು ಕೂಗಿದ್ದಾನೆ ಅಂತ ಅರ್ಥ. ನಾನು “ಬುಡು” ಅನ್ನುತ್ತಿದ್ದೆ. ಒಂದು ದಿನವೂ ತಪ್ಪಾಗಲಿಲ್ಲ. ತಪ್ಪಾಗದಿದ್ದುದೇ ತಪ್ಪಾಯಿತು ಅಂತ ಈಗ ಅನ್ನಿಸುತ್ತದೆ.

ಈಗ ಮತ್ತೆ ಮೇಷ್ಟ್ರು ಬರುತ್ತಾರೆ, ಅದೇ ಕಾರ್ಡಿನ ಮೇಷ್ಟ್ರು. ರಿಟೈರಾಗಿ ತಿಪಟೂರಿನ ಹತ್ತಿರ ಸಣ್ಣ ತೋಟ, ಮನೆ ಮಾಡಿಕೊಂಡಿದ್ದಾರೆ. ಹಿತ್ತಲಲ್ಲಿ ಹಳೆಯ ಮರಗಳು, ಅವುಗಳ ಕಾಯಿ ನಮ್ಮ ಗುಂಪೇ ಕೀಳುವುದು. ಮನೆಯ ಮುಂದೆ ಎರಡು ಮರ, ರಿಟೈರಾದ ವರ್ಷ ಅವರು ಕೈಯಾರೆ ಇಟ್ಟವು. ಅವುಗಳ ಮೇಲೆ ಅವರಿಗೆ ಮಕ್ಕಳ ಮೇಲಿನಷ್ಟು ಪ್ರೀತಿ. ಅದರಲ್ಲೊಂದನ್ನು ಕೇಳಿ ನೋಡು ಅಂತ ನನ್ನನ್ನು ಕರೆಸಿದ್ದರು. ಒಂದು ಕಡೆ ಕಾಂಪೌಂಡ್ ಗೋಡೆ ಇದ್ದುದರಿಂದ ಎಡಗಿವಿಯನ್ನೇ ಒತ್ತಬೇಕಾಯಿತು. ಸದ್ದಿಲ್ಲ. “ಏನಿಲ್ಲ ಸಾ, ಕಲ್ಲು ಇದ್ದಂಗೈತೆ” ಅಂತ ಹೇಳಿ ಕಾಫಿ ಕುಡಿದು ಬಂದೆ.

ಎರಡು ತಿಂಗಳಿಗೆ ಫೋನು. “ಸುಳಿ ಬಾಗಿದೆಯಲ್ಲಪ್ಪ” ಅಂದರು. ಬಯ್ಯಲಿಲ್ಲ. ಆ ದನಿ ಕೇಳಿ ನನಗೆ ಅಂಚೆ ಕಾರ್ಡೇ ನೆನಪಾಯಿತು.

ಹೇಗೂ ಹಿತ್ತಲ ಕಾಯಿ ಕೀಳುವುದಿತ್ತು, ಗುಂಪು ಕಟ್ಟಿಕೊಂಡು ಮಾರನೇ ದಿನ ಬೆಳಿಗ್ಗೆಯೇ ಹೋದೆ. ಮರದಲ್ಲಿ ಆಳೆತ್ತರಕ್ಕೆ ಒಂದು ತೂತು, ಕಂದು ರಸ ಸೋರಿ ಒಣಗಿತ್ತು. ಈ ಸಲ ಗೋಡೆ ಹತ್ತಿ, ಆ ಕಡೆಯಿಂದ ಬಲಗಿವಿ ಒತ್ತಿದೆ. ಒಳಗೆ ಮದುವೆಮನೆಯ ಪಂಕ್ತಿಯೇ ಕೂತು ಚಕ್ಕುಲಿ ಕಡಿಯುತ್ತಿತ್ತು. ಇಳಿದು ಬಂದು, ಅದೇ ಜಾಗಕ್ಕೆ ಎಡಗಿವಿ ಒತ್ತಿದೆ. ಏನೂ ಇಲ್ಲ. ಮತ್ತೆ ಗೋಡೆ ಹತ್ತಿ ಬಲಗಿವಿ, ಕರ ಕರ. ಮತ್ತೆ ಇಳಿದು ಎಡಗಿವಿ, ಕಲ್ಲು.

ನಾನು ಮರವನ್ನು ತಬ್ಬಿಕೊಂಡು ಹಾಗೇ ನಿಂತೆ. ಮರ ಕೇಳುವವನು ಅನ್ನುವ ಹೆಸರು ಬಿಟ್ಟರೆ ನನಗೆ ಬೇರೆ ಡಿಗ್ರಿ ಇಲ್ಲ. ಇದು ಹೊರಗೆ ಗೊತ್ತಾದರೆ ಅಮ್ಮಸಂದ್ರದಿಂದ ಬೈಕು ಬರುವುದಿಲ್ಲ.

“ಏನಪ್ಪಾ, ಹೋದ ಸಲ ಇರಲಿಲ್ವೇ?” ಅಂತ ಮೇಷ್ಟ್ರು ಜಗಲಿಯಿಂದ ಕೇಳಿದರು.

“ಇಲ್ಲ ಸಾ. ಇವು ಹೊಸದಾಗಿ ಬಂದವೆ” ಅಂದೆ.

ಮತ್ತೆ ಕಾರ್ಡನ್ನು ಬೇರೆ ಓದಿದ್ದೆ, ಅದೇ ಮೇಷ್ಟ್ರ ಮುಂದೆ.

ಆ ಮಾತು ಆಡಿ ಹಿತ್ತಲಿಗೆ ಹೋದೆ. ಬಾಮೈದ ಆಗಲೇ ಹತ್ತಿದ್ದ. ಹೆಂಗಸರು ಕಾಫಿಗೆ ಅಂತ ಮುಂದಿನ ಬಾಗಿಲಿಗೆ ಹೋಗಿದ್ದರು, ಸುತ್ತ ಯಾರೂ ಇರಲಿಲ್ಲ. ನಾನು ಬಗ್ಗಿ ಚೀಲದ ಬಾಯಿಗೆ ಹಗ್ಗ ಪೋಣಿಸುತ್ತಿದ್ದೆ. ತಲೆ ತುಂಬ ಆ ಎಡಗಿವಿ. ಇಷ್ಟು ಹೊತ್ತಿಗೆ ಕೂಗಿರುತ್ತಾನೆ ಅನ್ನಿಸಿತು. ತಲೆ ಎತ್ತದೆಯೇ “ಬುಡು” ಅಂದೆ.

ಗೊನೆ ಬಿದ್ದದ್ದು ನನ್ನಿಂದ ಎರಡು ಗೇಣು ಆಚೆಗೆ. ಹನ್ನೆರಡೋ ಹದಿಮೂರೋ ಕಾಯಿ. ಪಕ್ಕದಲ್ಲಿ ಮೇಷ್ಟ್ರ ಪ್ಲಾಸ್ಟಿಕ್ ಕುರ್ಚಿ ಇತ್ತು, ಅದರ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು.

ಬಾಮೈದ ಇಳಿದು ಬಂದ. ಇಳಿಯುವಾಗ ಎರಡು ಸಲ ಕಾಲು ಜಾರಿತು, ಎಂದೂ ಜಾರದವನು. ಕೆಳಗೆ ಬಂದು ಮಚ್ಚನ್ನು ದೂರ ಎಸೆದ.

“ನಾನೇನಂದೆ ಬಾವ?”

“ಬುಡ್ಲಾ ಅಂದೆ.”

“ಅಲ್ಲ. ಗರಿ ಅಡ್ಡ ಐತೆ, ನೀನು ಕಾಣ್ತಿಲ್ಲ, ಆಚೆ ಹೋದೆಯಾ ಅಂದೆ. ಎರಡು ಸಲ ಅಂದೆ. ನೀನು ಬುಡು ಅಂದೆ.”

ನಾನು ಬಗ್ಗಿ ಕುರ್ಚಿಯ ಒಂದು ಕಾಲು ಎತ್ತಿಕೊಂಡೆ.

“ಅಕ್ಕನ್ಗೆ ಹೋಗಿ ಏನಂತ ಹೇಳ್ಬೇಕಿತ್ತು ನಾನು?” ಅಂದ. “ಇನ್ಮೇಲೆ ನೀನು ಕೆಳಗೆ ನಿಂತ್ರೆ ನಾನು ಹತ್ತಲ್ಲ ಬಾವ. ಬೇರೆಯೋರೂ ಹತ್ತಲ್ಲ. ಕಿವಿ ತೋರಿಸ್ಕಂಡು ಬಾ, ಇಲ್ಲಾ ಗುಂಪು ಬುಟ್ಟುಬುಡು.”

ಸದ್ದಿಗೆ ಮೇಷ್ಟ್ರು ಹಿತ್ತಲಿಗೆ ಬಂದಿದ್ದರು. ಮುರಿದ ಕುರ್ಚಿ ನೋಡಿದರು, ನನ್ನನ್ನು ನೋಡಿದರು. “ನೀನು ಕ್ಲಾಸಲ್ಲೂ ಹೀಗೇ ಕಣಪ್ಪ. ನಾನು ಪ್ರಶ್ನೆ ಮುಗಿಸೋ ಮುಂಚೆ ಗೊತ್ತಾಯ್ತು ಸಾ ಅಂತಿದ್ದೆ” ಅಂದರು. ಆಮೇಲೆ ತಮ್ಮ ಕಿವಿಯ ಹಿಂದಿನಿಂದ ಹುಣಸೆಬೀಜದಷ್ಟು ದಪ್ಪದ ಒಂದು ಮೆಷಿನ್ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದರು. ಅಷ್ಟು ಸಲ ಹೋಗಿದ್ದೆ, ಒಂದು ದಿನವೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. “ನಾಚಿಕೆ ಅಂತ ನಾಲ್ಕು ವರ್ಷ ಕಳೆದೆ. ಆ ನಾಲ್ಕು ವರ್ಷ ಮೊಮ್ಮಕ್ಕಳು ಏನು ಹೇಳಿದರೋ ನನಗೆ ಗೊತ್ತೇ ಇಲ್ಲ” ಅಂದರು.

ನಾನು ಆಗ ಹೇಳಿದೆ: “ಹುಳ ಹೊಸದಲ್ಲ ಸಾ. ಹೋದ ಸಲಾನೂ ಇತ್ತು. ನಂಗೆ ಕೇಳಿಸ್ಲಿಲ್ಲ.”

“ಗೊತ್ತು. ತೂತಿನ ರಸ ಆಗಲೇ ಒಣಗಿದೆಯಲ್ಲ” ಅಂದರು.

ಮನೆಯಲ್ಲಿ ಹೇಳಬೇಡ ಅಂತ ದಾರಿಯುದ್ದಕ್ಕೂ ಬಾಮೈದನಿಗೆ ಹೇಳಿಕೊಂಡು ಬಂದೆ. ಅವನು ಬೈಕಿನ ಸ್ಟ್ಯಾಂಡ್ ಹಾಕುವ ಮುಂಚೆಯೇ ಎಲ್ಲ ಹೇಳಿ ಮುಗಿಸಿದ. ಹೆಂಡತಿ ಕೇಳಿಸಿಕೊಂಡಳು. ಲೋಟವನ್ನೂ ಮುಟ್ಟಲಿಲ್ಲ, ಪಾತ್ರೆಯನ್ನೂ ಮುಟ್ಟಲಿಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು. “ಕಾರ್ಡು ಬರ್ತಾನೇ ಇದ್ವು ಕಣ್ರೀ. ಓದೋರು ನೀವೇ ಆಗಿದ್ರಿ” ಅಂದಳು ಅಷ್ಟೆ. ಮಾರನೇ ದಿನವೇ ತುಮಕೂರಿನ ಆಸ್ಪತ್ರೆಗೆ ಹೊರಡಿಸಿದಳು.

ಆಸ್ಪತ್ರೆಯಲ್ಲಿ ಗಾಜಿನ ಸಣ್ಣ ರೂಮಿನಲ್ಲಿ ಕೂರಿಸಿ, ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ಸದ್ದು ಕೇಳಿಸಿದಾಗೆಲ್ಲ ಒತ್ತಬೇಕು. ಶುರುವಾಯಿತು. ಒತ್ತಿದೆ. ಸ್ವಲ್ಪ ಬಿಟ್ಟು ಒತ್ತಿದೆ. ಇನ್ನೂ ಸ್ವಲ್ಪ ಬಿಟ್ಟು ಒತ್ತಿದೆ. ಆ ಕಡೆ ಕೂತಿದ್ದ ಹುಡುಗಿ ಬಾಗಿಲು ತೆಗೆದು ಬಂದಳು.

“ಸರ್, ಯಾಕೆ ಒತ್ತುತ್ತಾ ಇದ್ದೀರಾ?”

“ಸೌಂಡು ಬಂತಲ್ಲಮ್ಮ.”

“ಇಲ್ಲ ಸರ್. ಎಡಗಡೆಗೆ ಇನ್ನೂ ನಾನು ಸೌಂಡ್ ಕೊಟ್ಟೇ ಇಲ್ಲ.”

ಹೆಂಡತಿ ಗಾಜಿನ ಆಚೆ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಎರಡು ದಿನದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೂ ನಗು ಬಂತು. ಎರಡನೇ ಸಲ ಕಣ್ಣು ಮುಚ್ಚಿ, ಮಾವ ಮರದ ಮೇಲೆ ಬೀಡಿ ಸೇದುತ್ತಾ ಕಾಯುತ್ತಿದ್ದಾನೆ ಅಂದುಕೊಂಡು ಕೂತೆ. ನಿಜವಾಗಿ ಕೇಳಿಸಿದ್ದಕ್ಕೆ ಮಾತ್ರ ಒತ್ತಿದೆ. ಎಡಗಡೆಗೆ ಬಹಳ ಹೊತ್ತು ಒತ್ತಲೇ ಇಲ್ಲ.

ಡಾಕ್ಟರು ಚೀಟಿ ನೋಡಿ, ಯಾವ ಮೆಷಿನ್ ಹತ್ತಿರ ಕೆಲಸ ಅಂತ ಕೇಳಿದರು. ಹೇಳಿದೆ. ಇಂಥ ಮೆಷಿನ್ನಿನ ಗಲಾಟೆಗೆ ಮೊದಲು ಹೋಗುವುದು ಸಣ್ಣ ಸದ್ದುಗಳಂತೆ, ಲೋಟದ ಸದ್ದು, ಹುಳುವಿನ ಸದ್ದು. ದೊಡ್ಡವು ಕೇಳುತ್ತಲೇ ಇರುವುದರಿಂದ ಮನುಷ್ಯನಿಗೆ ಗೊತ್ತಾಗುವುದಿಲ್ಲವಂತೆ. ಎಡಗಿವಿಯಲ್ಲಿ ಹೋದದ್ದು ವಾಪಸ್ಸು ಬರುವುದಿಲ್ಲ, ಮೆಷಿನ್ ಹಾಕಿಕೊಳ್ಳಬೇಕು. “ಬಲಗಿವಿಯೂ ಹೊರಟಿದೆ, ಇನ್ನೂ ಬಾಗಿಲಲ್ಲೇ ಇದೆ. ಅದನ್ನ ಹಿಡ್ಕೊಳ್ಳಿ” ಅಂದರು.

ಮೇಷ್ಟ್ರ ಆ ಮರ ಉಳಿಯಲಿಲ್ಲ. ನಾನೇ ಹೋಗಿ ಕೊಯ್ದೆ, ಈ ಸಲ ಎರಡೂ ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು. ಜೊತೆಗೆ ಹೆಂಡತಿಯೂ ಬಂದಿದ್ದಳು, ಮುರಿದ ಕುರ್ಚಿಗೆ ಬದಲು ಹೊಸ ಕುರ್ಚಿ ಕೊಟ್ಟು ಬರೋಣ ಅಂತ. ಕೊಯ್ದು ಮುಗಿಸಿ, ಪಕ್ಕದ ಇನ್ನೊಂದು ಮರಕ್ಕೆ ಬಲಗಿವಿ ಒತ್ತಿ ಬಹಳ ಹೊತ್ತು ನಿಂತೆ. ಏನೂ ಇಲ್ಲ ಅನ್ನಿಸಿತು. ಆದರೆ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

“ನಾನೊಂದ್ಸಲ ನೋಡ್ಲಾ?” ಅಂದಳು ಹೆಂಡತಿ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳನ್ನು ಒಂದು ಮರಕ್ಕೂ ಕಿವಿ ಇಡು ಅಂದವನಲ್ಲ ನಾನು. ಅವಳು ಕಿವಿಯೋಲೆ ತೆಗೆದು ನನ್ನ ಕೈಗೆ ಕೊಟ್ಟು, ಮರಕ್ಕೆ ಕೆನ್ನೆ ಒತ್ತಿದಳು. ಮೇಷ್ಟ್ರು ಜಗಲಿಯ ತುದಿಗೆ ಬಂದು ನಿಂತರು. ಬಾಮೈದ ಬಾಯಿ ಮುಚ್ಚಿಕೊಂಡಿದ್ದ, ಅದೇ ಒಂದು ಅಚ್ಚರಿ.

“ಯಾರೋ ಒಬ್ರು ಅವ್ರೆ ಕಣ್ರೀ. ಇನ್ನೂ ಚಿಕ್ಕೋರು. ಒಂಚೂರು ತಿಂತಾರೆ, ಸುಮ್ನಾಗ್ತಾರೆ” ಅಂದಳು.

ಅವಳು ಬೆರಳಿಟ್ಟ ಕಡೆ ಗರಿಯ ಬುಡ ಬಿಡಿಸಿ ನೋಡಿದೆ. ಸೂಜಿ ಹೋಗುವಷ್ಟು ತೂತು. ಔಷಧಿ ಬಿಟ್ಟು ಮುಚ್ಚಿದೆ. ನಾಲ್ಕು ತಿಂಗಳಾಯಿತು. ಆ ಮರ ಹೊಸ ಸುಳಿ ಬಿಟ್ಟು ನೆಟ್ಟಗೆ ನಿಂತಿದೆ, ಮೇಷ್ಟ್ರು ವಾರಕ್ಕೊಮ್ಮೆ ಫೋನು ಮಾಡಿ ಅದರ ಆರೋಗ್ಯ ಹೇಳುತ್ತಾರೆ.

ಈಗ ಮರ ಕೇಳಲು ನಾವಿಬ್ಬರೂ ಹೋಗುತ್ತೇವೆ. ಮೊದಲು ನಾನು, ಆಮೇಲೆ ಅವಳು. ಕಿವಿ ಮೆಷಿನ್ ಹಾಕಿಕೊಂಡು ಮರ ತಬ್ಬಿದರೆ ಅದು ಸಿಳ್ಳೆ ಹೊಡೆಯುತ್ತದೆ, ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಅಮ್ಮಸಂದ್ರದವರು ಈಗ ಫೋನು ಮಾಡಿ, “ಅಮ್ಮಾವ್ರು ಬರ್ತಾರಾ?” ಅಂತ ಕೇಳುತ್ತಾರೆ. ಮೊದಮೊದಲು ಚುಚ್ಚಿತು. ಈಗ ಇಲ್ಲ. ಸ್ವಲ್ಪ ಚುಚ್ಚುತ್ತದೆ.

ಕಾಯಿ ಕೀಳುವಾಗ ಪದ್ಧತಿಗೆ ಒಂದು ಸೇರಿಸಿದ್ದೇವೆ. ಬರೀ “ಬುಡು” ಅಂದರೆ ಸಾಲದು, ಕೆಳಗಿನವನು ಆಚೆ ಬಂದು ನಿಂತು ಕೆಂಪು ಟವಲು ಎತ್ತಿ ತೋರಿಸಬೇಕು. ಮೇಲಿನವನ ಕಣ್ಣಿಗೆ ಟವಲು ಬಿದ್ದ ಮೇಲೆಯೇ ಗೊನೆ. ಮೆಷಿನ್ ಹಾಕಿಕೊಂಡು ಮೊದಲ ದಿನ ಮರದ ಕೆಳಗೆ ನಿಂತಾಗ “ಬುಡ್ಲಾ?” ಅನ್ನುವುದು ಪಕ್ಕದಲ್ಲೇ ಅಂದ ಹಾಗೆ ಕೇಳಿಸಿತು. ನಾನು ಕಾಲು ನೋಡಿಕೊಂಡೆ, ಹೆಂಗಸರನ್ನು ನೋಡಿದೆ, ಕೋಳಿಗಳನ್ನು ನೋಡಿದೆ. ಅಷ್ಟರಲ್ಲಿ ಮೇಲಿನಿಂದ ಸಣ್ಣದಾಗಿ, “ಕೇಳಿಸ್ತೋ ಇಲ್ವೋ ಮುದುಕಂಗೆ” ಅಂದ ಬಾಮೈದ.

“ಅದೂ ಕೇಳಿಸ್ತು ಕಣ್ಲಾ. ಬುಡು” ಅಂತ ಟವಲು ಎತ್ತಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ತೆಂಗಿನ ಮರ ಎಂಬತ್ತಾರು, ನಾನೇ ಇಟ್ಟವು. ಹಸು ಎರಡು, ಕರು ಒಂದು. ಆರ್‌ಸಿಸಿ ಮನೆ ಒಂದು. ಮಗಳು ಒಬ್ಬಳು, ಒಂದು ಕಾರ್ಡೂ ಬರೆಸದೆ ಡಿಗ್ರಿ ಮುಗಿಸಿದವಳು. ಬೈಕು ಒಂದು, ಮರ ಕೊಯ್ಯುವ ಮೆಷಿನ್ ಒಂದು, ಅದರ ಜೊತೆಗೆ ಕಿವಿ ಮುಚ್ಚಳ ಒಂದು ಜೊತೆ. ಕೆಂಪು ಟವಲು ಎರಡು. ಅಪ್ಪನ ತಂತಿಯಲ್ಲಿ ಅಂಚೆ ಕಾರ್ಡು ಮೂರು. ಬಲಗಿವಿ ಒಂದು, ಎಡಗಿವಿಗೆ ಮೆಷಿನ್ ಒಂದು, ಹೆಂಡತಿಯ ಕಿವಿ ಎರಡು.